ಚಿಕ್ಕಬೋರಮ್ಮನ ಚೆಡುಗುಡು

ಮಜ್ಜಿಗೆ ಮಾರುವ ಬೆಸಗರಹಳ್ಳಿಯ ಚಿಕ್ಕಬೋರಮ್ಮನಿಗೆ ಊರಿನ ಚೆಡುಗುಡು, ಅಂದರೆ ಕಬಡ್ಡಿ, ತಂಡವೆಂದರೆ ಪ್ರಾಣ. ೧೯೪೩ರ ಸುಗ್ಗಿ ಮುಗಿದದ್ದೇ ತಡ, ಮದ್ದೂರಾಗಲಿ ಮಳವಳ್ಳಿಯಾಗಲಿ, ಒಂದು ಪಂದ್ಯವನ್ನೂ ಬಿಡಲಿಲ್ಲ. ತಮ್ಮೂರಿನವನು ಒಂದೇ ಉಸಿರಿನಲ್ಲಿ ಎದುರಾಳಿಗಳ ನಡುವೆ ನುಗ್ಗಿದರೆ ಅವನ ಜೊತೆ ತಾನೂ ಉಸಿರು ಬಿಗಿಹಿಡಿಯುತ್ತಿದ್ದಳು.

ಕೊನೆಯ ಪಂದ್ಯ ಹಲಗೂರಿನಲ್ಲಿ. ಅವಳೂರಿನ ಸೈಕಲ್ ರಿಪೇರಿಯ ಬಾಬು ಜಾನ್ ಮೂವರನ್ನು ಮುಟ್ಟಿದ. ಕಾಲು ಹಿಡಿದವರನ್ನೂ ಎಳೆದುಕೊಂಡು, "ಚೆಡುಗುಡು, ಚೆಡುಗುಡು" ಎನ್ನುತ್ತಲೇ ಗೆರೆಯತ್ತ ತೆವಳಿದ. ಅಷ್ಟರಲ್ಲಿ ಚಿಕ್ಕಬೋರಮ್ಮ ಕಣ್ಣಿಗೆ ಕತ್ತಲೆ ಕವಿದು ಬಿದ್ದಳು. ಎರಡೂ ತಂಡದವರು ಓಡಿಬಂದು ನೀರು ಚಿಮುಕಿಸಿದರು.

ಕಣ್ಣು ಬಿಟ್ಟವಳೇ ಕೇಳಿದಳು: "ಗೆರೆ ಮುಟ್ಟುದ್ಯೇನ್ಲಾ ಬಾಬು?"

"ಮುಟ್ದೆ ಕಣವ್ವ, ಗೆದ್ದೋ! ಇನ್ನಾದ್ರೂ ಉಸ್ರು ಬುಡು!"

ಸೋತ ಹಲಗೂರಿನವರೂ ನಕ್ಕುಬಿಟ್ಟರು. ತಾನು ನೋಡದೆ ಹೋದ ಆ ಕೊನೆಯ ಮೊಳ ದೂರದ ಕಥೆಯನ್ನು, ಗಾಡಿ ಊರು ಸೇರುವವರೆಗೂ ಅವಳು ಬಾಬು ಜಾನ್‌ನಿಂದ ಮತ್ತೆ ಮತ್ತೆ ಹೇಳಿಸಿಕೊಂಡಳು.