ಸೊಂಟ ಮೊದಲು, ಕೈ ಆಮೇಲೆ

ನನ್ನ ಗಂಡನನ್ನು ಮಣ್ಣು ಮಾಡಿದ ಮೂರನೆಯ ದಿನ, ಹಾಲು ತುಪ್ಪ ಬಿಡಲು ಹೊಲಕ್ಕೆ ಹೊರಡುವಾಗ, ಅವನ ಅಣ್ಣ ಬಾಗಿಲಲ್ಲಿ ನಿಂತು, "ಆ ಗಾಲ್ಫ್ ಕೋಲೂ ತಕಬಾರಮ್ಮ, ಗುಡ್ಡೆ ಮೇಲೆ ನೆಟ್‌ಬುಡಾನ" ಎಂದರು.

ನಮ್ಮ ಕಡೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಆ ದಿನ ಸಮಾಧಿಯ ಮಣ್ಣುಗುಡ್ಡೆಯ ಮೇಲೆ ಇಡುತ್ತಾರೆ. ಬೀಡಿ ಕಟ್ಟು, ಎಲೆ ಅಡಿಕೆ, ಮುದ್ದೆ, ಸಾರು, ಕುಡಿಯುವವರಾದರೆ ಒಂದು ಕ್ವಾರ್ಟರ್ ಬಾಟಲಿ. ಹಾಗೆ ಇಟ್ಟದ್ದನ್ನು ಮತ್ತೆ ಮನೆಗೆ ತರುವಂತಿಲ್ಲ.

"ಕೋಲು ಬರಲ್ಲ ಭಾವ" ಎಂದೆ.

"ಬರಲ್ಲ ಅಂದ್ರೆ?"

"ಬರಲ್ಲ ಅಂದ್ರೆ ಬರಲ್ಲ. ಅದು ಮನೇಲಿರ್ತದೆ."

ನಾನು ಹೆಚ್ಚು ಮಾತಾಡುವವಳಲ್ಲ. ಹತ್ತನೆಯ ತರಗತಿ ಮುಗಿಸಿ, ಬಡವನಹಳ್ಳಿಯಲ್ಲಿ ಬ್ಲೌಸ್ ಹೊಲಿದುಕೊಂಡು ಇದ್ದವಳು. ಭಾವನಿಗೆ ಎದುರಾಡಿದ್ದು ಅದೇ ಮೊದಲು. ಅಳುತ್ತ ಕೂತಿದ್ದ ಹೆಂಗಸರು ಅಳು ನಿಲ್ಲಿಸಿ ನನ್ನನ್ನು ನೋಡಿದರು. ಭಾವ ಚಪ್ಪಲಿ ಮೆಟ್ಟಿ ಹೊರಟರು.

ಗಾಲ್ಫ್ ಕೋಲು ನಮ್ಮಂಥವರ ಮನೆಗೆ ಹೇಗೆ ಬಂತು ಎಂದು ಎಲ್ಲರೂ ಕೇಳುತ್ತಾರೆ. ನನ್ನ ಗಂಡ ಹುಡುಗು ವಯಸ್ಸಿನಲ್ಲಿ ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಆಡುವವರ ಚೀಲ ಹೊರುತ್ತಿದ್ದ. ಊರಿಗೆ ವಾಪಸಾಗಿ ಲಗೇಜ್ ಆಟೋ ಇಟ್ಟುಕೊಂಡಾಗ, ಯಾರೋ ಬೇಡವೆಂದು ಬಿಟ್ಟ ಒಂದು ಕೋಲು ಅವನ ಜೊತೆ ಬಂತು. ಹಿಡಿಯ ರಬ್ಬರು ಕಿತ್ತುಹೋಗಿತ್ತು. ಅದಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ. ನಮ್ಮತ್ತೆ ಅದರ ಬಾಗಿದ ತುದಿ ನೋಡಿ, ಹುಣಸೆ ಕೊಂಬೆ ಎಳೆಯಲು ಮಾಡಿಸಿಕೊಂಡು ಬಂದಿದ್ದಾನೆ ಎಂದುಕೊಂಡು, ಒಂದು ವಾರ ಅದರಲ್ಲಿ ಹುಣಸೆಕಾಯಿ ಬಡಿದರು. ಅವನು ನೋಡಿ ತಲೆ ಮೇಲೆ ಕೈ ಹೊತ್ತು ಕೂತ.

ಸಂಜೆ ಬಾಡಿಗೆ ಇಲ್ಲದಾಗ ಒಣಗಿದ ಕೆರೆಯಂಗಳಕ್ಕೆ ಹೋಗಿ ಹೊಡೆಯುತ್ತಿದ್ದ. ನಾನು ಟೀ ತೆಗೆದುಕೊಂಡು ಹೋಗುತ್ತಿದ್ದೆ. ಅವನು ನನ್ನ ಸೋದರತ್ತೆಯ ಮಗ; ಮದುವೆಗೆ ಮುಂಚಿನಿಂದಲೂ ಮಾವ ಎಂದೇ ಕರೆದು ಅಭ್ಯಾಸ.

"ಮಾವ, ಯಾರಾದ್ರೂ ನೋಡಿದ್ರೆ ಹಾವು ಹೊಡೀತಾವ್ನೆ ಅಂತಾರೆ" ಎಂದು ನಕ್ಕಿದ್ದೆ.

"ಅಂಗಾದ್ರೆ ನೀನೇ ಒಂದು ಹೊಡಿ ನೋಡಾನ" ಎಂದು ಕೋಲು ಕೈಗಿಟ್ಟ.

ಎತ್ತಿ ಬೀಸಿದೆ. ಚೆಂಡು ಅಲ್ಲೇ ಇತ್ತು. ಕೋಲು ನೆಲಕ್ಕೆ ಬಡಿದು ಮೊಣಕೈವರೆಗೂ ಝುಮ್ಮೆಂದಿತು. ಅವನು ನಗಲಿಲ್ಲ. ಹೆಗಲ ಮೇಲಿದ್ದ ಟವೆಲನ್ನು ನನ್ನ ಎದೆಗೆ ಅಡ್ಡ ಹಿಡಿದು, ಅದರ ಎರಡು ತುದಿಗಳನ್ನೂ ಕಂಕುಳಲ್ಲಿ ಸಿಕ್ಕಿಸಿದ.

"ಈಗ ಬೀಸು. ಟವೆಲ್ ಬೀಳಬಾರ್ದು."

ಬೀಸುವುದರೊಳಗೆ ಟವೆಲು ಕಾಲ ಬಳಿ ಬಿದ್ದಿತ್ತು. ಮತ್ತೆ ಸಿಕ್ಕಿಸಿದ, ಮತ್ತೆ ಬಿತ್ತು. ತೋಳು ಮೈ ಬಿಟ್ಟು ಒಂಟಿಯಾಗಿ ಓಡಿದರೆ ಟವೆಲು ನಿಲ್ಲುವುದಿಲ್ಲ. ತೋಳೂ ಎದೆಯೂ ಒಟ್ಟಿಗೆ ತಿರುಗಿದರೆ ಮಾತ್ರ ನಿಲ್ಲುತ್ತದೆ. ಇದು ಗೊತ್ತಾಗಲು ನನಗೆ ಬಹಳ ಸಂಜೆಗಳು ಬೇಕಾದವು.

"ಕೈ ಹೊಡ್ಯಲ್ಲ ಕಣಮ್ಮಿ, ಕೈ ಸುಮ್ನೆ ಇಡ್ಕಂಡಿರ್ತದೆ. ಗೊಬ್ಬರದ ಮಂಕರಿ ಎಸೆಯಾಗ ಏನ್ ಮಾಡ್ತೀಯ? ಸೊಂಟ ತಿರುಗ್ತದೆ, ಮಂಕರಿ ಹಿಂದೆ ಬತ್ತದೆ. ಇದೂ ಅಂಗೇಯ."

ಗೊಬ್ಬರದ ಬುಟ್ಟಿ ಹೊತ್ತು ಅಭ್ಯಾಸವಿದ್ದರೂ ಆ ಮಾತು ನನ್ನ ತಲೆಗೆ ಹತ್ತಲಿಲ್ಲ. ಹತ್ತಿದ್ದು ಹೊಲಿಗೆ ಮೆಷಿನ್ ಮುಂದೆ ಕೂತಾಗ. ತುಳಿಯುವುದು ಕಾಲು. ಚಕ್ರ ತಿರುಗುವುದು ಕಾಲಿನಿಂದ. ಕೈ ಬಟ್ಟೆಗೆ ದಾರಿ ತೋರಿಸುತ್ತದೆ, ಅಷ್ಟೇ. ಹೊಸದಾಗಿ ಕಲಿಯಲು ಬರುವ ಹುಡುಗಿಯರು ಬಟ್ಟೆಯನ್ನು ಕೈಯಿಂದ ಎಳೆದು ಸೂಜಿ ಮುರಿಯುತ್ತಾರೆ. ನಾನು ಕೆರೆಯಂಗಳದಲ್ಲಿ ಮಾಡುತ್ತಿದ್ದದ್ದೂ ಅದೇ ಎಂದು ಹೊಳೆಯಿತು. ಅಂದು ಸಂಜೆ ಕೋಲು ಹಿಂದಕ್ಕೆ ಒಯ್ದಾಗ ಮೈಯ ಭಾರ ಬಲಗಾಲಿಗೆ ಹೋಗಲು ಬಿಟ್ಟೆ. ಬರುವಾಗ ಕೈಗೆ ಅವಸರ ಮಾಡಲಿಲ್ಲ. ಎಡಗಾಲು ನೆಲ ಒತ್ತಿತು, ಸೊಂಟ ತಿರುಗಿತು, ಎದೆ ತಿರುಗಿತು, ತೋಳು ಅದರ ಹಿಂದೆ ಬಂತು, ಎಲ್ಲಕ್ಕಿಂತ ಕಡೆಗೆ ಕೋಲು. ಕೈಗೆ ಏನೂ ತಗುಲಿದಂತೆಯೇ ಆಗಲಿಲ್ಲ. ಚೆಂಡು ಜಾಲಿ ಗಿಡಗಳ ಮೇಲೆ ಹಾರಿಹೋಯಿತು.

"ಅಯ್ಯೋ ನನ್ ಚೆಂಡು!" ಎಂದು ಅವನು ಓಡಿದ. ಹೊಗಳಿದ್ದು ಅಷ್ಟೇ.

ಅದಾದ ಮೇಲೆ ಸಂಜೆ ಇಬ್ಬರೂ ಹೊಡೆಯುತ್ತಿದ್ದೆವು. ಊರವರು ನಕ್ಕರು, ಆಮೇಲೆ ನಗುವುದೂ ಅವರಿಗೆ ಬೇಜಾರಾಯಿತು. ಒಂದು ಬೆಳಿಗ್ಗೆ ಈರುಳ್ಳಿ ಚೀಲ ಏರಿಸುತ್ತಿದ್ದವನು ಆಟೋಗೆ ಒರಗಿ ಕುಸಿದ. ಮಧುಗಿರಿ ಆಸ್ಪತ್ರೆ ತಲುಪುವ ಮೊದಲೇ ಮುಗಿದುಹೋಗಿತ್ತು.

ಹಾಲು ತುಪ್ಪದ ದಿನ ಹೊಲದಲ್ಲಿ ಎಡೆ ಇಟ್ಟು, ಕಾಗೆ ಮುಟ್ಟಲಿ ಎಂದು ಎಲ್ಲರೂ ದೂರ ನಿಂತೆವು. ಜಾಲಿ ಮರದ ಮೇಲೆ ಒಂದು ಕಾಗೆ ಕೂತಿತ್ತು. ಕೆಳಗೆ ನೋಡುತ್ತಿತ್ತು, ಇಳಿಯುತ್ತಿರಲಿಲ್ಲ. ಬಿಸಿಲು ಏರಿತು. ಮುದ್ದೆಯ ಮೇಲೆ ಇರುವೆ ಹತ್ತಿತು.

"ಮುಟ್ತಾ ಇಲ್ಲ ನೋಡು" ಎಂದರು ಭಾವ, ಎಲ್ಲರಿಗೂ ಕೇಳುವಂತೆ. "ಆಸೆ ಉಳ್ಕಂಡೈತೆ. ಆ ಕೋಲು ಬೇಕು ಅವ್ನಿಗೆ. ನೀನು ಇಡ್ಕಂಡು ಏನ್ ಮಾಡ್ತೀಯಮ್ಮ? ಗಂಡ ಸತ್ತೋಳು ಬಯಲಾಗೆ ಕೋಲ್ ಬೀಸ್ಕಂಡು ನಿಂತ್ಕಂತೀಯ?"

ಆಗ ತಿಳಿಯಿತು. ಅವರಿಗೆ ಮಣ್ಣು ಮಾಡಬೇಕಾಗಿದ್ದದ್ದು ಕೋಲನ್ನಲ್ಲ, ನನ್ನ ಸಂಜೆಯನ್ನು.

"ಇರಿ, ತತ್ತೀನಿ" ಎಂದು ಮನೆಗೆ ನಡೆದೆ. ಭಾವನ ಮುಖ ಸಡಿಲವಾಯಿತು. ಕೋಲು, ಒಂದು ಚೆಂಡು ತಂದೆ. ಭಾವ ಗುಡ್ಡೆಯ ತಲೆದೆಸೆಯಲ್ಲಿ ಮಣ್ಣು ಕೆದರಿ ಕುಳಿ ಮಾಡಿ ಇಟ್ಟಿದ್ದರು. ನಾನು ಕುಳಿಯ ಹತ್ತಿರ ಹೋಗಲಿಲ್ಲ. ಆಚೆ, ಕಡ್ಲೆಕಾಯಿ ಕಿತ್ತ ಹೊಲಕ್ಕೆ ಮುಖ ಮಾಡಿ ಚೆಂಡು ಇಟ್ಟೆ. ಸೆರಗು ಸೊಂಟಕ್ಕೆ ಬಿಗಿದೆ.

"ಇವ್ಳೇನ್ ಮಾಡ್ತಾವ್ಳೆ?" ಎಂದು ಯಾರೋ ಕೇಳಿದರು.

ಬೀಸಿದೆ. ಸಿಟ್ಟೆಲ್ಲ ತೋಳಿಗೆ ಬಂದಿತ್ತು. ಕೋಲು ಚೆಂಡಿನ ಹಿಂದೆ ನೆಲಕ್ಕೆ ಬಡಿದು ಮಣ್ಣು ಎದ್ದಿತು. ಕೈ ಝುಮ್ಮೆಂದಿತು. ಹಿಂದೆ ಯಾರೋ ಕಿಸಕ್ಕೆಂದರು. "ಆಯ್ತಲ್ಲ, ಇತ್ಲಾಗ್ ಕೊಡು" ಎಂದು ಭಾವ ಕೈ ಚಾಚಿದರು.

ಕೊಡಲಿಲ್ಲ. ಕಾಲು ಅಗಲಿಸಿ ನಿಂತೆ. ಮೂರು ದಿನದಿಂದ ಅನ್ನ ಕಾಣದ ಮೈ ನಡುಗುತ್ತಿತ್ತು. ನಡುಗಲಿ ಎಂದು ಬಿಟ್ಟೆ. ತೋಳನ್ನು ಎದೆಗೆ ಸೇರಿಸಿಕೊಂಡು ಬಲಕ್ಕೆ ತಿರುಗಿದೆ. ಎಡಗಾಲು ಒತ್ತಿದೆ. ಸೊಂಟ ಹೋಯಿತು, ಎದೆ ಹೋಯಿತು, ಕೈ ಅದರ ಹಿಂದೆ ಸುಮ್ಮನೆ ಹೋಯಿತು. ಟಕ್ ಎಂಬ ಸದ್ದು ಎಲ್ಲರಿಗೂ ಕೇಳಿತು. ಚೆಂಡು ಹೊಲ ದಾಟಿ, ಬದುವಿನ ಮೇಲಿದ್ದ ಹೊಂಗೆ ಮರವನ್ನೂ ದಾಟಿತು. ಕಾಗೆ ಬೆದರಿ ಎದ್ದು ಅದೇ ದಿಕ್ಕಿಗೆ ಹೊರಟುಹೋಯಿತು.

"ಇದ್ದೊಂದು ಕಾಗೆನೂ ಓಡಿಸ್ಬುಟ್ಯಲ್ಲೇ ತಾಯಿ!" ಎಂದು ಭಾವ ಕೂಗಿದರು.

"ಇದು ಅವನ ಕೋಲಲ್ಲ ಭಾವ" ಎಂದೆ. "ನಮ್ಮಿಬ್ರದು. ಅರ್ಧ ಸತ್ತೈತೆ, ಅರ್ಧ ಬದುಕೈತೆ. ಬದುಕಿರೋದ್ನ ಹೂಳಕ್ಕಾಗಲ್ಲ."

ಅತ್ತೆ ಈಚೆ ಬದುವಿನ ಮೇಲೆ ಕೂತಿದ್ದವರು ಮಂಡಿಗೆ ಕೈ ಊರಿ ಎದ್ದರು. ಮಗನನ್ನು ಕಳೆದುಕೊಂಡವರು, ನನಗಿಂತ ಹೆಚ್ಚು ಅತ್ತಿದ್ದವರು.

"ಬದುಕಿದ್ದಾಗ್ಲೇ ಕರ್ದಾಗ ಉಣ್ಣಕ್ ಬತ್ತಿರ್ಲಿಲ್ಲ, ಈಗ ಬಂದಾನಾ ಅವ್ನು? ನಡೀರಿ, ಬಿಸ್ಲು" ಎಂದು ಮನೆಯ ದಾರಿ ಹಿಡಿದರು. ನಾವೂ ಹಿಂದೆ ಹೊರಟೆವು. ಭಾವ ತೋಡಿದ ಕುಳಿಯನ್ನು ಕಾಲಿನಿಂದ ತಾವೇ ಮುಚ್ಚಿದರು.

ಅವನ ಆತ್ಮಕ್ಕೆ ತೃಪ್ತಿಯಾಗಿಲ್ಲ ಎಂದು ಇವತ್ತಿಗೂ ಹೇಳುವವರಿದ್ದಾರೆ. ಬ್ಲೌಸ್ ಕೊಡಲು ಬಂದ ಹೆಂಗಸರೇ ಅಳತೆ ಕೊಡುತ್ತ ಕೇಳುತ್ತಾರೆ: "ಕಾಗೆ ಮುಟ್ಲಿಲ್ವಂತೆ, ಹೆದ್ರಿಕೆ ಆಗಲ್ವೇನೇ?" ಟೇಪು ಹಿಡಿದುಕೊಂಡೇ ಇಲ್ಲ ಎನ್ನುತ್ತೇನೆ. ಅವನಿಗೆ ತೃಪ್ತಿ ಇರಲಿಲ್ಲ ಎಂಬುದು ನನಗೂ ಗೊತ್ತು. ಇನ್ನೂ ಬದುಕಬೇಕಾಗಿದ್ದ ಗಂಡಸಿಗೆ ಯಾವ ತೃಪ್ತಿ? ಒಂದು ಕೋಲು ನೆಟ್ಟು ಅದನ್ನು ತೀರಿಸಿದೆವು ಎಂದುಕೊಳ್ಳುವವರು ಅಂದುಕೊಳ್ಳಲಿ.

ಹನ್ನೊಂದನೆಯ ದಿನದ ತಿಥಿ ಕಳೆದ ಮಾರನೆಯ ಸಂಜೆಯೇ ಕೆರೆಯಂಗಳಕ್ಕೆ ಹೋದೆ. ಏರಿಯ ಮೇಲೆ ಭಾವ ಎಮ್ಮೆ ಹೊಡೆದುಕೊಂಡು ಬರುತ್ತಿದ್ದರು. ನನ್ನನ್ನೂ ಕೈಯಲ್ಲಿದ್ದ ಕೋಲನ್ನೂ ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ, ಮುಖ ತಿರುಗಿಸಿಕೊಂಡು ನಿಂತರು. ಅವರು ಹೊರಟುಹೋಗಲಿ ಎಂದು ನಾನು ಕಾಯಲಿಲ್ಲ. ಅವರು ಅಲ್ಲಿ ನಿಂತಿರುವಾಗಲೇ ಚೆಂಡು ಇಟ್ಟು ಹೊಡೆದೆ.