ಒಂಟೆತ್ತಿನ ಯಲಗೂರಪ್ಪ

ಜೈನಾಪುರದ ಹಣಮಪ್ಪನ ಗುಡಿಯ ಮುಂದೆ ಬಿದ್ದಿರುವ ಸಂಗ್ರಾಣಿ ಕಲ್ಲನ್ನು ಹೆಗಲಿಗೇರಿಸಿ ಗುಡಿಯ ಸುತ್ತ ಒಂದು ಸುತ್ತು ಹಾಕಿದವನು ಸಿದ್ದರಾಯ. ಆಮೇಲೆ ಅದನ್ನು ಮೊಣಕಾಲಿಗಿಂತ ಮೇಲೆ ಎತ್ತಿದವರಿಲ್ಲ. ಅವನ ಮಗ ಶಂಕರೆಪ್ಪನಿಗೆ ಅಪ್ಪನ ರಟ್ಟೆ ಬರಲಿಲ್ಲ, ಕಣ್ಣು ಬಂತು. ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿ ಅದರ ವಯಸ್ಸು, ಗುಣ, ಬೇನೆ ಎಲ್ಲವನ್ನೂ ಹೇಳುತ್ತಿದ್ದ. ಮಮದಾಪುರದಿಂದ ಸಾರವಾಡದವರೆಗೆ ಅವನನ್ನು ಕೇಳದೆ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ. ಒಮ್ಮೆ ಬಬಲೇಶ್ವರದ ಸಂತೆಯಲ್ಲಿ ತನ್ನದೇ ಎತ್ತು ಮಾರಲು ನಿಂತಿದ್ದ. ಕೊಳ್ಳುವವನು ಒಪ್ಪಿ ಹಗ್ಗ ಹಿಡಿದ ಮೇಲೆ, "ತಡಿಯಪಾ, ಮಳಿಗಾಲದಾಗ ಇದರ ಮುಂಗಾಲು ಹಿಡೀತೈತಿ" ಎಂದು ತಾನೇ ಹೇಳಿ ಎತ್ತನ್ನು ಮನೆಗೆ ಹೊಡೆದುಕೊಂಡು ಬಂದ. ಸುಳ್ಳು ಹೇಳಿ ಎತ್ತು ಮಾರದ ಮನೆ ಎಂದು ಹೆಸರಾಯಿತು.

ಶಂಕರೆಪ್ಪನಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ಬಸಗೊಂಡಪ್ಪ ವಿಜಾಪುರ ಸೇರಿ ಕಾಳಿನ ಅಡತಿ ಅಂಗಡಿ ಇಟ್ಟ. ಅಪ್ಪನ ಕಣ್ಣು ಬಂದಿದ್ದ ಕಿರಿಯ ಯಲಗೂರಪ್ಪ ಹೊಲಕ್ಕೆ ನಿಂತ.

ಯಲಗೂರಪ್ಪನಿಗೆ ಸಾರವಾಡದ ರುದ್ರವ್ವನನ್ನು ತಂದರು. ಎರಡು ವರ್ಷ ಅವನು ಅವಳಿಗೆ ಏಟು ಹಾಕಲಿಲ್ಲ, ಬಯ್ಯಲಿಲ್ಲ, ಅವಳ ಹಾಸಿಗೆಯ ಕಡೆಗೂ ಹೋಗಲಿಲ್ಲ. ಕಡೆಗೆ ಒಂದು ದಿನ ತಾನೇ ಗಾಡಿ ಕಟ್ಟಿ ಅವಳನ್ನು ತವರಿಗೆ ಕರೆದೊಯ್ದು ಹಿರಿಯರ ಎದುರು ಕೂತ.

"ತಪ್ಪು ಆಕೀದಲ್ರಿ. ನನಗ ಹೆಣ್ಣಿನ ಮ್ಯಾಲೆ ಮನಸ್ಸು ಹೋಗೂದಿಲ್ಲ. ಆಕಿ ವಯಸ್ಸು ಯಾಕ ಹಾಳ ಮಾಡ್ಲಿ?"

ಗಂಡಸೊಬ್ಬ ತನ್ನ ಬಾಯಿಂದ ಇಂಥ ಮಾತು ಆಡಿದ್ದನ್ನು ಸಾರವಾಡದವರು ಕೇಳಿರಲಿಲ್ಲ. ಒಬ್ಬಿಬ್ಬರು ಹೆಗಲ ವಲ್ಲಿಯ ಮರೆಯಲ್ಲಿ ನಕ್ಕರು. ಸೋಡಚೀಟಿ ಬರೆಸಿ ಹೆಣ್ಣನ್ನು ಬಿಡುಗಡೆ ಮಾಡಿದ ಅಳಿಯನಿಗೆ ರುದ್ರವ್ವನ ಅಪ್ಪ ಊಟ ಮಾಡಿಸಿಯೇ ಕಳಿಸಿದ. ವರ್ಷದೊಳಗೆ ಅವಳು ಉಡಕಿಯಾಗಿ ಇನ್ನೊಂದು ಮನೆ ಸೇರಿ, ಮುಂದೆ ಮಕ್ಕಳ ತಾಯಿಯಾದಳು.

ಸಾವಿರದ ಒಂಬೈನೂರ ಐವತ್ತೆಂಟರ ಮುಂಗಾರಿನಲ್ಲಿ ಯಲಗೂರಪ್ಪನ ಜೋಡಿಯಲ್ಲಿ ಎಡಗೋಲಿನ ಎತ್ತು ಹಾವು ಕಚ್ಚಿ ಸತ್ತಿತು. ಉಳಿದದ್ದು ಬಲಗೋಲಿನದು. ನೊಗದ ಬಲಕ್ಕೆ ನಡೆದು ರೂಢಿಯಾದ ಎತ್ತನ್ನು ಎಡಕ್ಕೆ ಕಟ್ಟಿದರೆ ಸಾಲಿನಲ್ಲಿ ನಿಲ್ಲುವುದಿಲ್ಲ. ಅದೇ ಊರಿನ ಗೊಲ್ಲಾಳಪ್ಪನ ಬಳಿ ಎಡಗೋಲಿನ ಎತ್ತೊಂದೇ ಇತ್ತು. ಅವನು ಮೂವತ್ತು ದಾಟಿದರೂ ಮದುವೆಯಾಗದ, ಮಾತು ಕಡಿಮೆಯ ಮನುಷ್ಯ. ಮನೆಯಲ್ಲಿ ತಾಯಿ ಬೋರವ್ವ ಒಬ್ಬಳೇ. ಒಂಟೆತ್ತಿನವರು ಇಬ್ಬರು ಕೂಡಿ ಒಂದು ನೊಗ ಹೂಡುವುದು, ಎರಡೂ ಹೊಲ ಉಳುವುದು ಆ ಸೀಮೆಯ ಪದ್ಧತಿ. ಹಾಗೆ ಕೂಡಿದ ಎತ್ತುಗಳು ಒಂದೇ ಗೋದಲಿಯಲ್ಲಿ ಮೇಯಬೇಕು. ಇಲ್ಲದಿದ್ದರೆ ಹೆಜ್ಜೆ ಕೂಡುವುದಿಲ್ಲ. ಒಂದು ವರ್ಷ ಇವನ ಮನೆಯ ಗೋದಲಿ, ಯುಗಾದಿ ಕಳೆದ ಮೇಲೆ ಅವನದು. ತನ್ನ ಎತ್ತಿಗೆ ತಾನೇ ಮೇವು ಹಾಕಬೇಕಾದ್ದರಿಂದ ಒಬ್ಬನು ಇನ್ನೊಬ್ಬನ ಮನೆಗೆ ಎರಡು ಹೊತ್ತು ಹೋಗುವುದು ತಪ್ಪುವುದಿಲ್ಲ.

ಮೊದಲ ವರ್ಷ ಗೊಲ್ಲಾಳಪ್ಪನ ಗೋದಲಿ. ಯಲಗೂರಪ್ಪ ಜೋಳದ ಕಣಿಕೆಯ ಹೊರೆ ಹೊತ್ತು ಹೋಗುತ್ತಿದ್ದ. ದೀಪಾವಳಿಯ ಹೊತ್ತಿಗೆ ಅಲ್ಲೇ ಉಣ್ಣತೊಡಗಿದ. ಸಂಕ್ರಾಂತಿಯ ಹೊತ್ತಿಗೆ ಅವನ ಕಂಬಳಿ ಅಲ್ಲಿಯ ಗೂಟದಲ್ಲಿ ತೂಗುತ್ತಿತ್ತು. ಯುಗಾದಿ ಬಂತು, ಎತ್ತುಗಳು ಇವನ ಮನೆಗೆ ಬರಬೇಕಿತ್ತು. ಬರಲಿಲ್ಲ.

ಬಾವಿಯ ದಡದಲ್ಲಿ ಹುಚ್ಚವ್ವ ಎಂಬ ಬಾಯಿಬಡಕಿ ಅವನನ್ನು ತಡೆದಳು.

"ಯಲಗೂರಾ, ಹಬ್ಬ ಹೋತು. ಎತ್ತೂ ಹೊಳ್ಳಿ ಬರಲಿಲ್ಲ, ನೀನೂ ಬರಲಿಲ್ಲಲ್ಲೋ."

"ಅಲ್ಲಿ ಮೇವು ರುಚಿ ಐತಿ ಬೇ."

"ಎತ್ತಿಗೋ, ನಿನಗೋ?"

"ಬೋರವ್ವನ ರೊಟ್ಟಿ ತಿಂದು ನೋಡು, ನೀನೂ ಬಂದು ಅಲ್ಲೇ ಕಟ್ಟಿಸ್ಕೋತಿ."

ಹೆಂಗಸರು ನಕ್ಕರು. ಮಗನಿಗೆ ಸೊಸೆ ಬರಲಿಲ್ಲ ಎಂದು ಕೊರಗಿದ್ದ ಬೋರವ್ವನೂ, "ಸೊಸಿ ತಾರೋ ಅಂದ್ರ ಇಂವ ಎತ್ತು ತಂದಾನ, ಎತ್ತಿನ ಬೆನ್ನಿಗೆ ಅದರ ಧಣಿ ಬಂದಾನ" ಎಂದು ನೆರೆಯವರ ಮುಂದೆ ಹೇಳುತ್ತ ಇಬ್ಬರಿಗೂ ರೊಟ್ಟಿ ಬಡಿಯುತ್ತಿದ್ದಳು. ಊರಿಗೆ ತಿಳಿಯದ್ದೇನಲ್ಲ. ಎತ್ತಿನ ಹೆಸರು ಹೇಳಲು ಸಿಗುತ್ತಿದ್ದುದರಿಂದ ಯಾರೂ ಬೇರೆ ಹೆಸರು ಹೇಳಲಿಲ್ಲ, ಅಷ್ಟೇ. ಆದರೆ ಮದುವೆಯ ಪಂಗತಿಯಲ್ಲಿ ಆ ಇಬ್ಬರ ಅತ್ತ ಒಂದು, ಇತ್ತ ಒಂದು ಎಲೆ ಖಾಲಿ ಉಳಿಯುತ್ತಿತ್ತು. ಯಲಗೂರಪ್ಪ ಅದನ್ನು ನೋಡುತ್ತಿದ್ದ, ಉಂಡು ಏಳುತ್ತಿದ್ದ.

ಆರು ವರ್ಷ ಹೀಗೆ ನಡೆಯಿತು. ಅರವತ್ತನಾಲ್ಕರಲ್ಲಿ ಬಸಗೊಂಡಪ್ಪನ ಮಗಳಿಗೆ ತಿಕೋಟಾದ ಒಂದು ಮನೆಯಿಂದ ಸಂಬಂಧ ಕೂಡಿ ಬಂತು. ಮಾತುಕತೆಗೆ ಕೂತಾಗ ಬೀಗರು ಕೇಳಿದರು.

"ನಿಮ್ಮ ತಮ್ಮ ಮಂದಿ ಮನ್ಯಾಗ ಯಾಕ ಇರ್ತಾನ್ರಿ?"

"ಒಂದ ಎತ್ತು ಐತ್ರಿ ಅವಗ, ಅದಕ್ಕ" ಎಂದ ಬಸಗೊಂಡಪ್ಪ.

"ಅಷ್ಟ ಆಗಿದ್ರ ಇನ್ನೊಂದು ಕೊಡಸ್ರಿ ಮತ್ತ."

ಬಸಗೊಂಡಪ್ಪ ಆ ವಾರವೇ ವಿಜಾಪುರದ ದನದ ಸಂತೆಯಲ್ಲಿ ಬಿಳಿಯ ಕಿಲಾರಿ ಎತ್ತು ಕೊಂಡು, ಕೊರಳಿಗೆ ಗೆಜ್ಜೆಸರ ಹಾಕಿಸಿ ಜೈನಾಪುರಕ್ಕೆ ತಂದ. ಸೋಮವಾರ ಮುಂಜಾನೆ, ಗುಡಿಯ ಕಟ್ಟೆಯ ತುಂಬ ಜನ. ಊರಿನ ಅಯ್ಯ ಬಸಲಿಂಗಯ್ಯನನ್ನೂ ಕರೆಸಿದ್ದ. ಸುದ್ದಿ ಕೇಳಿ ಯಲಗೂರಪ್ಪ ಬಂದ. ದೂರದಲ್ಲಿ ಗೊಲ್ಲಾಳಪ್ಪ ಬೇವಿನ ಬುಡದಲ್ಲಿ ನಿಂತಿದ್ದ, ಹತ್ತಿರ ಬರಲಿಲ್ಲ. ಈ ಎತ್ತು ಬಂದು ನಿಂತರೆ ಜೋಡಿ ತುಂಬುತ್ತದೆ. ನಾಳೆಯಿಂದ ಆ ಮನೆಗೆ ಹೋಗಲು ನೆವ ಇರುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಹಿಡಿ ತಮ್ಮಾ ಹಗ್ಗ" ಎಂದ ಬಸಗೊಂಡಪ್ಪ. "ಇವತ್ತಿಂದ ನೀ ಒಬ್ಬರ ಹಂಗಿನ್ಯಾಗಿಲ್ಲ."

ಯಲಗೂರಪ್ಪ ಹಗ್ಗ ಹಿಡಿಯಲಿಲ್ಲ. ಎತ್ತಿನ ಹೆಗಲು ಸವರಿದ. ನೊಗ ಉಜ್ಜಿ ಗಟ್ಟಿಯಾದ ಜಾಗ ಮುಟ್ಟಿ ನೋಡಿದ. ಹಿಂದೆ ಸರಿದು ನಾಲ್ಕು ಹೆಜ್ಜೆ ನಡೆಸಿ ನೋಡಿದ. ಅವನ ಮುಖದಲ್ಲಿ ಸಣ್ಣ ನಗೆ ಬಂತು.

"ಎಣ್ಣಾ, ಇದು ಬಲಗೋಲಿಂದು."

ಕಟ್ಟೆಯ ಮೇಲೆ ನಗು ಎದ್ದಿತು. ಶಂಕರೆಪ್ಪನ ಹಿರಿಮಗ ಬಲಗೋಲಿನ ಎತ್ತಿಗೆ ಬಲಗೋಲಿನ ಎತ್ತನ್ನೇ ಜೋಡಿ ತಂದಿದ್ದ. "ಪ್ಯಾಟಿ ಸೇರಿ ಅಪ್ಪನ ಕಣ್ಣು ತಕ್ಕಡ್ಯಾಗ ಮಾರಿ ಬಂದೀಯೇನೋ" ಎಂದ ಒಬ್ಬ ಮುದುಕ. ಬಸಗೊಂಡಪ್ಪನ ಮುಖ ಕೆಂಪಾಯಿತು.

ಬಸಲಿಂಗಯ್ಯ ಕೈ ಎತ್ತಿ ನಗು ನಿಲ್ಲಿಸಿದ. "ಇರ್ಲಿ ಬಿಡ್ರಿ. ಮುಂದಿನ ಸಂತಿಗಿ ಒಯ್ದು ಎಡಗೋಲಿಂದು ಬದಲಿ ತಂದ್ರಾತು. ಏನಂತಿ ಯಲಗೂರಪ್ಪ? ಅಲ್ಲೀತನಕ ಇದ್ದ್ಹಂಗ ಇರು."

ಒಂದು ವಾರದ ಬಿಡುವು ಕೈಗೆ ಬಂದಿತ್ತು. ಬದಲಿ ತಂದ ಎತ್ತಿಗೂ ಒಂದು ಐಬು ಹೇಳಿ, ಮತ್ತೊಂದಕ್ಕೂ ಹೇಳಿ ವರ್ಷಗಟ್ಟಲೆ ದಾಟಿಸಬಹುದಿತ್ತು. ಅವನಷ್ಟು ಎತ್ತು ಬಲ್ಲವರು ಅಲ್ಲಿರಲಿಲ್ಲ, ಯಾರೂ ಎದುರು ಮಾತಾಡುತ್ತಿರಲಿಲ್ಲ. ಯಲಗೂರಪ್ಪ ಬೇವಿನ ಬುಡದ ಕಡೆಗೊಮ್ಮೆ ನೋಡಿದ. ಅಣ್ಣನ ಕೈಯಲ್ಲಿದ್ದ ಹಗ್ಗವನ್ನು ಅವನ ಕೈಗೇ ಸುತ್ತಿ ಕೊಟ್ಟ.

"ಎತ್ತಿನ ಮ್ಯಾಲೆ ಯಾಕ ಸುಳ್ಳು ಹಾಕ್ಲಿ ಎಣ್ಣಾ? ಛಲೋ ಎತ್ತು ಇದು. ಎಡಗೋಲಿಂದು ತಂದ್ರೂ ನಾ ಒಲ್ಲೆ. ಮೊದಲನೇ ವರ್ಸ ಎತ್ತಿನ ಸಲುವಾಗಿ ಗೊಲ್ಲಾಳನ ಮನಿಗಿ ಹೋಗೀನಿ, ಖರೆ. ಆಮ್ಯಾಲಿನ ಐದು ವರ್ಸ ಅವನ ಸಲುವಾಗೇ ಇದ್ದೀನಿ. ಬೀಗರು ಕೇಳಿದ್ರ ಹಿಂಗಂತಾನ ಅಂತ ಹೇಳು, ಇಲ್ಲಾ ನನಗ ತಮ್ಮನ ಇಲ್ಲ ಅಂತ ಹೇಳು. ಮಗಳ ಮದವಿಗಿ ನಾ ಬರೂದಿಲ್ಲ, ಮನ್ಯಾಗ ಕುಂತ ಅಕ್ಕಿಕಾಳು ಹಾಕ್ತೀನಿ. ಇದನ್ನ ಹೊಡಕೊಂಡು ಹೋಗು, ಬಿಸಲು ಏರೂದ್ರಾಗ. ನನ್ನ ಜೋಡಿ ತುಂಬೇತಿ."