ಅಮ್ಮಿ ಮಲಗಿದ್ದಾಳೆ

ಅಮ್ಮಿ ತೀರಿಕೊಂಡಳು ಎಂಬ ಮಾತನ್ನು ನನ್ನ ತಂಗಿಗೆ ನಾನು ಹೇಳಲಿಲ್ಲ. ಹೇಳಬೇಕಾದ ದಿನ ಹೇಳಲಿಲ್ಲ. ಮೂರನೆಯ ದಿನ ಅವಳೇ ಎದುರಿಗೆ ಬಂದು ನಿಂತಾಗಲೂ ಹೇಳಲಿಲ್ಲ.

ಎರಡು ವರ್ಷದಿಂದ ಒಳಗೇ ಇದ್ದ ಇದನ್ನು ಮೊನ್ನೆ ಕೆದಕಿದ್ದು ಒಂದು ಲೋಡು. ಶಿರಾದಲ್ಲಿ ನನ್ನದು ಹಾಸಿಗೆ ಹೊಲಿಯುವ ಅಂಗಡಿ. ಪಾವಗಡದ ಕಡೆಯವರೊಬ್ಬರು ಒರಗಿಕೊಳ್ಳುವ ಹಳೇ ಉದ್ದ ದಿಂಬೊಂದನ್ನು ತಂದು ಹಾಕಿ, “ನಮ್ಮವ್ವ ಒರಗ್ತಿದ್ದಿದ್ದು ಕಣಪ್ಪ. ಹತ್ತಿ ಹೊಸದು ತುಂಬು, ಬಟ್ಟೆ ಮಾತ್ರ ಇದೇ ಇರ್ಲಿ” ಎಂದು ಹೋದರು. ಹೊಲಿಗೆ ಬಿಚ್ಚಿದೆ. ಹಳೇ ಹತ್ತಿಯ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ತಲೆಗೆ ಹಚ್ಚಿದ ಎಣ್ಣೆ, ಬೆವರು, ನೋವಿನ ಮುಲಾಮು, ಎಲ್ಲ ಸೇರಿ ಒಬ್ಬರ ಮೈಯ ವಾಸನೆ. ನನ್ನ ಕೈ ಅಲ್ಲೇ ನಿಂತಿತು.

ನಾನು ಓದಿದ್ದು ಐದನೇ ಕ್ಲಾಸು. ತಂಗಿ ನಸೀಮಾ ನರ್ಸ್ ಆದಳು. ಆಫ್ರಿಕಾದ ಮಲಾವಿ ಎಂಬ ದೇಶದ ಹಳ್ಳಿಯೊಂದಕ್ಕೆ ಮೂರು ತಿಂಗಳು ಸಂಬಳವಿಲ್ಲದೆ ಬಾಣಂತಿಯರ ಸೇವೆಗೆ ಹೋಗುತ್ತೇನೆಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿಯವರು ಯಾವ ಹತ್ತಿ ಮೇಲೆ ಮಲಗ್ತಾರೆ?” ಅವಳು ನಕ್ಕುಬಿಟ್ಟಳು. “ಭಾಯ್, ನಿಂಗೆ ಜನ್ನತ್ ತೋರ್ಸಿದ್ರೂ ಮೊದ್ಲು ಹಾಸಿಗೆ ಮುಟ್ಟಿ ನೋಡ್ತೀಯಾ.” ನಿಜವೇ. ಯಾರ ಮನೆಗೆ ಹೋದರೂ ನಾನು ಹಾಸಿಗೆಯ ಅಂಚನ್ನು ಹಿಚುಕಿ ನೋಡುವವನು.

ಹೋಗುವಾಗ ಅವಳು ಹೇಳಿದ್ದೂ ಒಂದೇ: “ಅಮ್ಮಿ ಕೆಮ್ಮು ಜಾಸ್ತಿ ಆಗೈತೆ. ಆಸ್ಪತ್ರೆಗೆ ಒಂದ್ಸಲ ತೋರ್ಸು.” ಪ್ರತಿ ವಾರ ಫೋನಿನಲ್ಲೂ ಅದನ್ನೇ ಕೇಳುತ್ತಿದ್ದಳು. ಹ್ಞೂ ಎನ್ನುತ್ತಿದ್ದೆ. ಮದುವೆ ಕಾಲ, ಅಂಗಡಿ ತುಂಬ ಹಾಸಿಗೆ ಆರ್ಡರು. ನಾಳೆ ನಾಳೆ ಎನ್ನುತ್ತ ಉಳಿದೆ. ಅಮ್ಮಿಯೂ, “ಮೊದ್ಲು ಅವರ ಹಾಸಿಗೆ ಕೊಟ್ಬುಡು, ಕೆಮ್ಮು ಎಲ್ಲಿಗೋಯ್ತದೆ?” ಎನ್ನುತ್ತಿದ್ದಳು.

ಒಂದು ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಅಮ್ಮಿ ಹೋದಳು. ಜುಮಾ ನಮಾಜು ಆದ ಮೇಲೆ ಮಣ್ಣು ಮಾಡಿ ಬಂದೆವು.

ಅದೇ ದಿನ ಅಲ್ಲಿ ನಸೀಮಾಗೆ ಬೀಳ್ಕೊಡುಗೆ. ಸಾಯಂಕಾಲ ವಿಡಿಯೋ ಮಾಡುತ್ತೇನೆ, ಎಲ್ಲರೂ ಅಮ್ಮಿಯನ್ನು ನೋಡಬೇಕಂತೆ ಎಂದು ಹಿಂದಿನ ದಿನವೇ ಹೇಳಿದ್ದಳು. ಫೋನ್ ಎತ್ತದೆ ಇರಬಹುದಿತ್ತು. ಎತ್ತಿ ಅಳಬಹುದಿತ್ತು. ನಾನು ಮಾಡಿದ್ದು ನನ್ನಂಥ ಕಸುಬಿನವನು ಮಾತ್ರ ಮಾಡುವ ಕೆಲಸ. ಹೆಂಡತಿಯನ್ನೂ ಬಂದ ನೆಂಟರನ್ನೂ ಹೊರಗೆ ಬಿಟ್ಟು, ಕೋಣೆಯ ಬಾಗಿಲು ಹಾಕಿಕೊಂಡು, ಎರಡು ಲೋಡು ತಂದು ಅಮ್ಮಿಯ ಮಂಚದ ಮೇಲೆ ಇಟ್ಟೆ. ಅವಳು ಗೋಡೆಯ ಕಡೆ ತಿರುಗಿ, ಮಂಡಿ ಮಡಚಿ ಮಲಗುವವಳು. ಹಾಸಿಗೆಯಲ್ಲಿ ಅವಳ ಸೊಂಟ ಎಲ್ಲಿ ಇಳಿಯುತ್ತದೆ, ಭುಜ ಎಲ್ಲಿ ಏಳುತ್ತದೆ ನನಗೆ ಗೊತ್ತು. ತಟ್ಟಿ, ಬಗ್ಗಿಸಿ, ಮೇಲೆ ಅವಳ ಹೊದಿಕೆ ಎಳೆದೆ. ಒಂದು ಕ್ಷಣ ನಾನೇ ಅದು ಉಸಿರಾಡಲೆಂದು ಕಾದೆ.

ಫೋನ್ ಬಂತು. ದೊಡ್ಡ ಮಾವಿನ ಮರದ ಕೆಳಗೆ ಹಳ್ಳಿಗೆ ಹಳ್ಳಿಯೇ ಸೇರಿ ಹಾಡುತ್ತಿತ್ತು. ನಡುವೆ ನಸೀಮಾ, ಕುಣಿಯುತ್ತ.

“ಅಮ್ಮಿ ಎಲ್ಲಿ?”

“ಮಲಗಿದ್ದಾಳೆ” ಎಂದು ಫೋನನ್ನು ಮಂಚದ ಕಡೆ ತಿರುಗಿಸಿದೆ.

ಅವಳು ತುಟಿಯ ಮೇಲೆ ಬೆರಳಿಟ್ಟು ಹಿಂದಕ್ಕೆ ತಿರುಗಿದಳು. ಅಷ್ಟೂ ಜನ ಹಾಡು ನಿಲ್ಲಿಸಿಬಿಟ್ಟರು. ನಮ್ಮ ಅಮ್ಮಿಗೆ ಎಚ್ಚರವಾಗಬಾರದೆಂದು. ನಸೀಮಾ ಇದ್ದ ಮನೆಯ ಅಜ್ಜಿ, ಅಲ್ಲಿಯವರು ಅಗೋಗೊ ಅನ್ನುತ್ತಾರಂತೆ, ಮುಂದೆ ಬಂದು ಮಂಡಿಯೂರಿ ಸದ್ದಾಗದಂತೆ ಚಪ್ಪಾಳೆ ತಟ್ಟಿದಳು. ಅದು ಅವರ ನಮಸ್ಕಾರ. ಆಮೇಲೆ ಪಿಸುಮಾತಿನಲ್ಲಿ ಏನೋ ಹೇಳಿದಳು. ನಸೀಮಾ ನನಗೆ ತಿಳಿಸಿದಳು: “ನಿಮ್ಮ ಮಗಳನ್ನ ಕೊಟ್ಟಿದ್ರಿ, ಜೋಪಾನವಾಗಿ ವಾಪಸ್ ಕಳಿಸ್ತಾ ಇದೀವಿ ಅಂತವ್ರೆ, ಭಾಯ್. ಅಮ್ಮಿ ಎದ್ಮೇಲೆ ಹೇಳು.”

ಹೇಳುತ್ತೇನೆ ಎಂದೆ.

ಮೂರನೆಯ ದಿನ ಬಸ್ ಸ್ಟ್ಯಾಂಡಿನಿಂದ ಅವಳನ್ನು ಆಟೋದಲ್ಲಿ ಕರೆತಂದೆ. ಬೀಳ್ಕೊಡುವವರು ಅಲ್ಲಿ ಬಾಗಿಲಲ್ಲೇ ನಿಲ್ಲುವುದಿಲ್ಲವಂತೆ, ಅರ್ಧ ದಾರಿ ಜೊತೆಗೆ ನಡೆಯುತ್ತಾರಂತೆ. ಅಗೋಗೊ ಟಾರು ರಸ್ತೆಯವರೆಗೆ ನಡೆದು ಬಂದಳಂತೆ. ಅಮ್ಮಿಗೆ ಎಂದು ಕೊಟ್ಟ ಹೂವಿನ ಚಿತ್ತಾರದ ಬಟ್ಟೆ ನಸೀಮಾಳ ತೊಡೆಯ ಮೇಲಿತ್ತು. ನಾನು ಹೊರಗೆ ನೋಡುತ್ತ ಕೂತಿದ್ದೆ. ಹೇಳಿದ್ದು ಪಕ್ಕದ ಮನೆ ಖಾಲಾ. ಬಾಗಿಲಲ್ಲೇ ತಬ್ಬಿಕೊಂಡು, “ಶುಕ್ರವಾರ ಜುಮಾ ಆದ್ಮೇಲೆ ಮಣ್ಣು ಮಾಡಿದ್ವಲ್ಲಮ್ಮ, ನಿಮ್ಮ ಭಾಯ್ ಹೇಳ್ಲಿಲ್ವಾ?”

ನಸೀಮಾ ಸೀದಾ ಒಳಗೆ ಹೋದಳು. ಮಂಚದ ಮೇಲೆ ಅದು ಹಾಗೇ ಇತ್ತು. ತೆಗೆಯಲು ನನಗೆ ಕೈ ಬಂದಿರಲಿಲ್ಲ. ಹೊದಿಕೆ ಎತ್ತಿ ನೋಡಿದಳು. ಅಗೋಗೊ ಕೊಟ್ಟ ಬಟ್ಟೆಯನ್ನು ಅದರ ಮೇಲೆ ಹಾಸಿದಳು. “ಒಳ್ಳೇ ಕೆಲಸಗಾರ ನೀನು, ಭಾಯ್” ಎಂದಳು. ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು. ನಲವತ್ತನೇ ದಿನ ಮುಗಿಸಿ ಮಧುಗಿರಿಗೆ ಕೆಲಸಕ್ಕೆ ಹೋದವಳು ಮತ್ತೆ ಬರಲಿಲ್ಲ. ನನ್ನ ಹೆಂಡತಿಗೆ ಫೋನ್ ಮಾಡುತ್ತಾಳೆ. ನಾನು ಪಕ್ಕದಲ್ಲಿದ್ದರೆ ಮಾತು ಸಣ್ಣದಾಗುತ್ತದೆ.

ದೂರದಲ್ಲಿ ಒಬ್ಬಳೇ ಇದ್ದಾಳೆ, ಮೂರು ವಿಮಾನ ಹತ್ತಿಳಿಯಬೇಕು, ಆ ಒಂದು ದಿನವಾದರೂ ನಗಲಿ ಎಂದು ಹಾಗೆ ಮಾಡಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಕೇಳಿದವರು ತಲೆಯಾಡಿಸಿದರು. ಮೊನ್ನೆ ಆ ಲೋಡಿನ ಮುಂದೆ ಕೂತಾಗ ಮಾತ್ರ ನನ್ನ ಮಾತು ನನಗೇ ಸೇರಲಿಲ್ಲ. ಬಿಚ್ಚಿದ್ದನ್ನು ಹಾಗೇ ಬಿಟ್ಟು ಮಧುಗಿರಿ ಬಸ್ಸು ಹತ್ತಿದೆ.

ಆಸ್ಪತ್ರೆಯ ಬೇವಿನ ಮರದ ಕೆಳಗೆ ಅವಳು ಊಟದ ಡಬ್ಬಿ ತೆರೆಯುತ್ತಿದ್ದಳು. ನನ್ನನ್ನು ನೋಡಿ ಮುಚ್ಚಳ ಹಾಕಿದಳು. ಬಾ ಎನ್ನಲಿಲ್ಲ, ಎದ್ದೂ ಹೋಗಲಿಲ್ಲ. ನಿಂತುಕೊಂಡೇ ಹೇಳಿದೆ:

“ನಸೀಮಾ, ನಿನಗೋಸ್ಕರ ಮಾಡ್ದೆ ಅಂದಿದ್ದೆಲ್ಲ ಸುಳ್ಳು. ಆಸ್ಪತ್ರೆಗೆ ತೋರ್ಸಿದ್ಯಾ ಅಂತ ಕೇಳ್ತೀಯಲ್ಲ, ಅದಕ್ಕೆ ಹೆದರ್ಕೊಂಡೆ. ಅಮ್ಮಿನ ನಾನು ತೋರಿಸ್ಲೇ ಇಲ್ಲ. ಆ ಅಜ್ಜಿ ಕೈಲಿ ಹತ್ತಿಗೆ ಸಲಾಂ ಮಾಡಿಸ್ಬುಟ್ಟೆ. ತಪ್ಪಾಯ್ತು ಕಣಮ್ಮ. ನನ್ನಿಂದ ತಪ್ಪಾಯ್ತು.”